ಕೆಡವುವುದೋ, ಕೀಳುವುದೋ, ಅಳಿಸುವುದೋ: ಸರಿಯಾದ ಕ್ರಿಯಾಪದವನ್ನು ಆರಿಸಿಕೊಳ್ಳುವ ಬಗೆ

ಇರುವುದನ್ನು ಇಲ್ಲವಾಗಿಸುವ ಕೆಲಸಕ್ಕೆ ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಒಡೆ, ಮುರಿ, ಹರಿ, ಸೀಳು, ಕೀಳು, ಕೆಡವು, ಕೆಡಿಸು, ಅಳಿಸು, ಕಳೆ, ನೀಗು, ತೊಲಗಿಸು ಎಂಬ ಕನ್ನಡದವೇ ಆದ ಕ್ರಿಯಾಪದಗಳಿವೆ. ನಾಶ, ಧ್ವಂಸ, ನಿರ್ಮೂಲನೆ, ನಿವಾರಣೆ, ವಿಸರ್ಜನೆ ಎಂಬ ಸಂಸ್ಕೃತದ ಪದಗಳಿವೆ. ಕಚೇರಿ, ಕೋರ್ಟುಗಳ ದಾರಿಯಿಂದ ಬಂದ ರದ್ದು, ವಜಾ, ಮನ್ನಾಗಳಿವೆ. ಇಷ್ಟಿದ್ದರೂ ವರದಿ, ಅರ್ಜಿ, ಅನುವಾದಗಳನ್ನು ಬರೆಯುವವರು ‘ನಾಶಪಡಿಸು’, ‘ತೆಗೆದುಹಾಕು’ ಎಂಬ ಎರಡರಲ್ಲೇ ಕಾಲ ಹಾಕುವುದನ್ನು ದಿನವೂ ಕಾಣುತ್ತೇವೆ. ಈ ಎರಡು ತಪ್ಪು ಪದಗಳಲ್ಲ. ಆದರೆ ಏನು ನಡೆಯಿತೆಂಬುದನ್ನು ಅವು ಅರ್ಧ ಮಾತ್ರ ಹೇಳುತ್ತವೆ. ಉಳಿದರ್ಧವನ್ನು ಹೇಳಬಲ್ಲ ಪದವನ್ನು ಹುಡುಕಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಅದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಮೊದಲು, ಕೊನೆಗೆ ಏನು ಉಳಿಯಿತೆಂದು ನೋಡಿ

ಸಾಮಾನ್ಯವಾಗಿ ನಾವು ಕೆಲಸದ ಕಡೆಗೆ ನೋಡಿ ಪದವನ್ನು ಆರಿಸುತ್ತೇವೆ. ಕೆಲಸ ಮುಗಿದ ಮೇಲೆ ಅಲ್ಲಿ ಏನು ಉಳಿದಿದೆ ಎಂದು ಕೇಳಿಕೊಂಡರೆ ಪದ ಬೇಗ ಸಿಗುತ್ತದೆ. ವಸ್ತುವೇ ಇಲ್ಲವಾಯಿತೇ, ತುಂಡುಗಳು ಉಳಿದವೇ, ವಸ್ತು ಬೇರೆ ಕಡೆಗೆ ಹೋಯಿತೇ, ಅಥವಾ ವಸ್ತು ಇದ್ದಲ್ಲೇ ಇದ್ದು ಅದರ ಬೆಲೆ ಮಾತ್ರ ಹೋಯಿತೇ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಅರ್ಧ ಪದಕೋಶ ಸೋಸಿಹೋಗುತ್ತದೆ.

ಹಂಪಿಯನ್ನು ತೆಗೆದುಕೊಳ್ಳಿ. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರವನ್ನು ಕೊಳ್ಳೆ ಹೊಡೆದು ಧ್ವಂಸ ಮಾಡಲಾಯಿತು. ಧ್ವಂಸವೆಂದರೆ ಜನ ನಿಂತು, ಬಲ ಹಾಕಿ, ಬೇಕೆಂದೇ ಮಾಡುವ ಕೆಲಸ. ಮಳೆಗಾಳಿಗೆ ಆ ಮಾತು ಅಷ್ಟಾಗಿ ಹೊಂದುವುದಿಲ್ಲ. ಆಮೇಲೆ ಜನ ಬಿಟ್ಟುಹೋದ ಪಟ್ಟಣ ಹಾಳುಬಿದ್ದಿತು. ‘ಹಾಳು ಹಂಪೆ’ ಎಂಬ ರೂಢಿಯ ಮಾತಿನಲ್ಲಿರುವ ಹಾಳು ಈ ಎರಡನೆಯ ಸ್ಥಿತಿಯನ್ನು ಹೇಳುತ್ತದೆ: ಕಲ್ಲುಕಂಬಗಳು ನಿಂತಿವೆ, ವಾಸ ಮಾಡುವವರಿಲ್ಲ. ಅಲ್ಲಿನ ಉಗ್ರನರಸಿಂಹ ವಿಗ್ರಹವನ್ನು ಹತ್ತಿರದಿಂದ ನೋಡಿದವರು ಅದು ‘ನಾಶವಾಯಿತು’ ಎಂದು ಬರೆಯಲಾರರು. ತೊಡೆಯ ಮೇಲೆ ಕುಳಿತಿದ್ದ ಲಕ್ಷ್ಮಿಯ ಮೂರ್ತಿ ಹೋಗಿದೆ, ಆದರೆ ನರಸಿಂಹನ ಬೆನ್ನನ್ನು ಬಳಸಿದ ಆಕೆಯ ಕೈ ಇನ್ನೂ ಅಲ್ಲಿಯೇ ಇದೆ. ಅದು ಭಗ್ನ ವಿಗ್ರಹ. ಅಂಚಿನಲ್ಲೋ ಮೂಗಿನಲ್ಲೋ ಒಂದು ಚೂರು ಹೋಗಿದ್ದರೆ ‘ಮುಕ್ಕಾದ ವಿಗ್ರಹ’ ಎನ್ನಬಹುದು. ಇಷ್ಟು ದೊಡ್ಡ ಪೆಟ್ಟಿಗೆ ಮುಕ್ಕು ಸಾಲದು. (ಪ್ರವಾಸಿ ಕೈಪಿಡಿಗಳಲ್ಲಿ ಹಳೇಬೀಡನ್ನೂ ‘ಹಾಳಾದ ಬೀಡು’ ಎಂದು ಬಿಡಿಸುವುದುಂಟು. ಮಲಿಕ್ ಕಾಫೂರನ ದಾಳಿಯ ನೆನಪಿನಿಂದ ಆ ಅರ್ಥ ಹುಟ್ಟಿರಬಹುದಾದರೂ ಹೆಸರಿನಲ್ಲಿರುವುದು ಹಳೆಯ ಬೀಡೇ ಹೊರತು ಹಾಳಲ್ಲ.)

ಶ್ರೀರಂಗಪಟ್ಟಣದ ಲಾಲ್ ಮಹಲ್ ಅರಮನೆಯ ಕಥೆ ಬೇರೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಆ ಅರಮನೆ ಹೋಯಿತು, ಆದರೆ ಅದರ ಮರಮುಟ್ಟುಗಳು ಊಟಿಯವರೆಗೆ ಸಾಗಿ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಕಟ್ಟಡಕ್ಕೆ ಬಳಕೆಯಾದವು. ತೊಲೆಗಳು ಇನ್ನೊಂದು ಮಾಡಿಗೆ ಏರಬೇಕಾದರೆ ಅರಮನೆಯನ್ನು ಬಿಚ್ಚಿರಲೇಬೇಕು. ಹಳೆಯ ತೊಟ್ಟಿಮನೆಯ ಹಂಚು ಇಳಿಸಿ, ಜಂತೆ ಬಿಚ್ಚಿ, ಕಂಬಗಳನ್ನು ಎತ್ತಿಟ್ಟವರು ‘ಮನೆ ಬಿಚ್ಚಿದೆವು’ ಎನ್ನುತ್ತಾರೆ. ಜೆಸಿಬಿ ತರಿಸಿ ಅರ್ಧ ದಿನದಲ್ಲಿ ಮುಗಿಸಿದವರು ‘ಕೆಡವಿದೆವು’ ಅಥವಾ ‘ಒಡೆದುಹಾಕಿದೆವು’ ಎನ್ನುತ್ತಾರೆ. ಮೊದಲನೆಯದರಲ್ಲಿ ಮರಮುಟ್ಟು ಉಳಿಯುತ್ತದೆ, ಎರಡನೆಯದರಲ್ಲಿ ಮಣ್ಣಿನ ಗುಡ್ಡೆ ಉಳಿಯುತ್ತದೆ. ಆ ಗುಡ್ಡೆಯೂ ಉಳಿಯದೆ ನೆಲ ಸಪಾಟಾಗಿದ್ದರೆ ಮಾತ್ರ ‘ನೆಲಸಮ’ ಎನ್ನಬೇಕು. ಒಂದು ಗೋಡೆ ಬಿದ್ದದ್ದಕ್ಕೂ ಮನೆ ನೆಲಸಮವಾಯಿತೆಂದು ಶೀರ್ಷಿಕೆ ಕೊಡುವ ಅಭ್ಯಾಸ ಪತ್ರಿಕೆಗಳಲ್ಲಿ ಬೇರೂರಿದೆ. ಅದನ್ನು ಅನುಕರಿಸಬೇಕಾದ ಕಾರಣವಿಲ್ಲ.

ವಸ್ತು ಉಳಿದು ಬೆಲೆ ಮಾತ್ರ ಹೋದದ್ದಕ್ಕೆ 2016ರ ನವೆಂಬರ್ 8ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಂದು ರಾತ್ರಿ ₹500 ಮತ್ತು ₹1,000ದ ನೋಟುಗಳು ಜನರ ಕೈಯಲ್ಲೇ ಇದ್ದವು, ಯಾರೂ ಅವನ್ನು ಸುಡಲಿಲ್ಲ, ಹರಿಯಲಿಲ್ಲ. ಹೋದದ್ದು ಚಲಾವಣೆ. ಆದ್ದರಿಂದಲೇ ‘ನೋಟು ರದ್ದತಿ’, ‘ಅಮಾನ್ಯೀಕರಣ’ ಎಂಬ ಮಾತುಗಳು ನಿಂತವು. ಬ್ಯಾಂಕಿಗೆ ಹಿಂದಿರುಗಿದ ನೋಟುಗಳನ್ನು ಆಮೇಲೆ ಚೂರುಚೂರು ಮಾಡಿದ್ದನ್ನು ಬೇಕಾದರೆ ನಾಶವೆಂದು ಕರೆಯಬಹುದು.

ಎರಡನೆಯದಾಗಿ, ವಸ್ತುವಿನ ಆಕಾರವನ್ನು ಗಮನಿಸಿ

ಕನ್ನಡದ ಸಣ್ಣ ಕ್ರಿಯಾಪದಗಳು ವಸ್ತುವಿನ ಆಕಾರವನ್ನು ಬಲು ಕಟ್ಟುನಿಟ್ಟಾಗಿ ಪಾಲಿಸುತ್ತವೆ. ಗಟ್ಟಿಯಾಗಿ, ಪೆಡಸಾಗಿ, ಹೆಚ್ಚಾಗಿ ಒಳಗೆ ಟೊಳ್ಳಾಗಿರುವುದು ಒಡೆಯುತ್ತದೆ: ಮಡಕೆ, ಗಾಜು, ಮೊಟ್ಟೆ, ತೆಂಗಿನಕಾಯಿ. ಉದ್ದವಾಗಿದ್ದು ಬಾಗಲಾರದ್ದು ಮುರಿಯುತ್ತದೆ: ಕಡ್ಡಿ, ಕೊಂಬೆ, ಕುರ್ಚಿಯ ಕಾಲು, ಮನುಷ್ಯನ ಕಾಲು. ತೆಳ್ಳಗೆ ಹಾಳೆಯಂತಿರುವುದೂ ನೂಲಿನಂತಿರುವುದೂ ಹರಿಯುತ್ತವೆ: ಬಟ್ಟೆ, ಕಾಗದ, ಹಗ್ಗ. ಎಳೆಯ ಉದ್ದಕ್ಕೆ ಬೇರ್ಪಡುವುದು ಸೀಳುತ್ತದೆ: ಬಿದಿರು, ಸೌದೆ. ಜೋಳದ ರೊಟ್ಟಿ ಹಾಳೆಯಂತೆ ಕಂಡರೂ ಅದನ್ನು ಮುರಿಯುತ್ತೇವೆ, ಏಕೆಂದರೆ ಅದು ಬಾಗುವ ಮೊದಲೇ ಬಿಡುತ್ತದೆ. ಬೀಗದ ವಿಷಯದಲ್ಲಿ ಎರಡೂ ನಡೆಯುತ್ತವೆ. ‘ಬೀಗ ಮುರಿದು ಕಳವು’ ಎಂಬುದು ಪೊಲೀಸ್ ವರದಿಯ ಸ್ಥಿರ ರೂಪವಾಗಿರುವುದರಿಂದ ಅದನ್ನು ಬದಲಿಸುವ ಉತ್ಸಾಹ ಬೇಡ.

‘ಕೀಳು’ ಎಂಬುದರಲ್ಲಿ ಬೇರು ಇರಲೇಬೇಕು, ಅಥವಾ ಬೇರಿನಂತೆ ಕಚ್ಚಿಕೊಂಡ ಏನಾದರೂ ಇರಬೇಕು. ಕಳೆ, ಹಲ್ಲು, ಮೊಳೆ, ಗೂಟ ಇವೆಲ್ಲ ಕೀಳುವಂಥವು. ಆದರೆ ಕೀಳುವುದೆಲ್ಲ ಕೆಡುಕಲ್ಲವೆಂಬುದನ್ನು ಪಟ್ಟಣದ ಬರಹಗಾರರು ಮರೆಯುತ್ತಾರೆ. ಸಸಿಮಡಿಯಿಂದ ಪೈರು ಕಿತ್ತು ಗದ್ದೆಯಲ್ಲಿ ನೆಡುವುದು ಬೇಸಾಯ. ಕಡಲೆಕಾಯಿ ಕೀಳುವುದು ಸುಗ್ಗಿ. ಹಾನಿಯ ಅರ್ಥ ಬರಬೇಕಾದರೆ ಪಕ್ಕದಲ್ಲಿ ಇನ್ನೊಂದು ಕ್ರಿಯಾಪದ ಬೇಕು: ಕಿತ್ತುಹಾಕು, ಕಿತ್ತೆಸೆ, ಕಿತ್ತೊಗೆ. ‘ತೆಗೆ’ಯದೂ ಇದೇ ಪಾಡು. ‘ಬಾಗಿಲು ತೆಗೆದರು’ ಎಂದರೆ ಅತಿಥಿ ಒಳಗೆ ಬರುತ್ತಾರೆ, ‘ಬಾಗಿಲು ತೆಗೆದುಹಾಕಿದರು’ ಎಂದರೆ ಬಡಗಿ ಬಂದಿದ್ದಾನೆ. ಸಾಲ ತೆಗೆಯುವುದು ಸಾಲ ಮಾಡುವುದಾಗಿರುವುದರಿಂದ, ಸಾಲವನ್ನು ಇಲ್ಲವಾಗಿಸಬೇಕಾದವರು ತೀರಿಸಬೇಕು, ಇಲ್ಲವೇ ಸರ್ಕಾರ ಮನ್ನಾ ಮಾಡಬೇಕು.

ಗಿಡಮರಗಳ ಬಗ್ಗೆ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಕೊಂಬೆಯನ್ನು ಸವರಿದರೆ ಮರ ಚಿಗುರುತ್ತದೆ, ಮರವನ್ನು ಕಡಿದರೆ ಬುಡ ಉಳಿಯುತ್ತದೆ, ಬುಡಸಮೇತ ಕಿತ್ತರೆ ಗುಂಡಿ ಮಾತ್ರ ಉಳಿಯುತ್ತದೆ. ರಸ್ತೆ ಅಗಲಿಸಲು ‘ಮರಗಳನ್ನು ತೆರವುಗೊಳಿಸಲಾಯಿತು’ ಎಂಬ ವಾಕ್ಯ ಇವುಗಳಲ್ಲಿ ಯಾವುದನ್ನೂ ತಿಳಿಸುವುದಿಲ್ಲ. ಬೇರುಸಹಿತ ಎತ್ತಿ ಬೇರೆಡೆ ನೆಟ್ಟಿದ್ದರೂ ಅದೇ ವಾಕ್ಯ, ಕಡಿದು ಸೌದೆ ಡಿಪೋಗೆ ಕಳಿಸಿದ್ದರೂ ಅದೇ ವಾಕ್ಯ.

ಮೂರನೆಯದಾಗಿ, ಮಾಡಿದವರು ಯಾರೆಂದು ಕೇಳಿ

‘ಬೆಳೆ ನಾಶ’ ಎಂಬ ಎರಡು ಪದಗಳ ಶೀರ್ಷಿಕೆಯನ್ನು ಓದಿದವರಿಗೆ ಏನಾಯಿತೆಂದು ತಿಳಿಯುವುದೇ ಇಲ್ಲ. ಮಳೆಯಿಂದಾಗಿದ್ದರೆ ಬೆಳೆ ಕೊಚ್ಚಿಹೋಗಿರುತ್ತದೆ, ನಿಂತ ನೀರಿನಲ್ಲಿ ಕೊಳೆತಿರುತ್ತದೆ, ಗಾಳಿಯೂ ಸೇರಿದ್ದರೆ ರಾಗಿಯೋ ಭತ್ತವೋ ನೆಲಕಚ್ಚಿರುತ್ತದೆ. ನೆಲಕಚ್ಚಿದ ಪೈರಿನಿಂದ ಒಂದಿಷ್ಟಾದರೂ ಕಾಳು ಸಿಗುತ್ತದೆಂಬ ಆಸೆ ಉಳಿದಿರುತ್ತದೆ, ಕೊಚ್ಚಿಹೋದದ್ದರಲ್ಲಿ ಅದೂ ಇಲ್ಲ. ಸಕಲೇಶಪುರದ ಕಡೆಯೋ ಕೊಡಗಿನಲ್ಲೋ ಕಾಡಾನೆ ಬಂದಿದ್ದರೆ ತುಳಿದುಹಾಕಿರುತ್ತದೆ. ಕೋಲಾರದ ಕಡೆ ಟೊಮೆಟೊ ಬೆಲೆ ಬಿದ್ದಾಗ ರೈತನೇ ಹಣ್ಣನ್ನು ರಸ್ತೆಗೆ ಸುರಿದಿರುತ್ತಾನೆ, ಅಥವಾ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ತೋಟಕ್ಕೆ ಟ್ರ್ಯಾಕ್ಟರ್ ಬಿಟ್ಟು ಉತ್ತುಹಾಕಿರುತ್ತಾನೆ. ಮಳೆ, ಆನೆ, ಮಾರುಕಟ್ಟೆ ಈ ಮೂರೂ ಒಂದೇ ‘ನಾಶ’ದ ಹಿಂದೆ ಅಡಗಿದರೆ ಓದುಗನಿಗೆ ಮಾಡಿದ ಅನ್ಯಾಯವಾಗುತ್ತದೆ. ಪರಿಹಾರದ ಅರ್ಜಿಯನ್ನು ಬರೆಯುವಾಗ ಮಾತ್ರ ಈ ಬಣ್ಣಗಳನ್ನೆಲ್ಲ ವಿವರಣೆಗೆ ಬಿಟ್ಟು, ವಿಷಯದ ಸಾಲಿನಲ್ಲಿ ‘ಬೆಳೆ ಹಾನಿ’ ಎಂದೇ ಬರೆಯಬೇಕು. ವಿಪತ್ತು ಪರಿಹಾರದ ನಿಯಮಗಳಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿನ ಬೆಳೆ ನಷ್ಟವೆಂಬ ಅಳತೆ ಇದೆ. ಹಾನಿಯನ್ನು ಹೀಗೆ ಶೇಕಡಾವಾರು ಅಳೆಯಬಹುದು, ನಾಶವೆಂಬ ಮಾತಿಗೆ ಅಂಥ ಅಳತೆಯಿಲ್ಲ.

ಒಡೆ, ಮುರಿ, ಹರಿ ಎಂಬವು ಮಾಡುವುದನ್ನೂ ಹೇಳುತ್ತವೆ, ತಾನಾಗಿ ಆಗುವುದನ್ನೂ ಹೇಳುತ್ತವೆ. ‘ಕೆರೆಯ ಏರಿ ಒಡೆಯಿತು’ ಎಂದರೆ ನೀರಿನ ಒತ್ತಡ. ‘ಏರಿ ಒಡೆದರು’ ಎಂದರೆ ಯಾರೋ ಗುದ್ದಲಿ ಹಿಡಿದಿದ್ದಾರೆ. ಎರಡರ ನಡುವೆ ಇರುವುದು ಒಂದು ಪ್ರತ್ಯಯ, ಕೆಲವೊಮ್ಮೆ ಒಂದು ಪೊಲೀಸ್ ದೂರು. ಅಳಿ ಮತ್ತು ಅಳಿಸು, ಕೆಡು ಮತ್ತು ಕೆಡಿಸು ಎಂಬ ಜೋಡಿಗಳಲ್ಲಿ ಈ ಗೊಂದಲವಿಲ್ಲ. ಕೆಡಿಸುವುದಕ್ಕೂ ಕೆಡವುವುದಕ್ಕೂ ಸಂಬಂಧ ಕಲ್ಪಿಸುವುದೂ ಬೇಡ: ಹಾಲು, ಹೆಸರು, ಆರೋಗ್ಯ, ಯಂತ್ರ ಇವು ಕೆಡುತ್ತವೆ, ಗೋಡೆ, ಗೋಪುರ, ಎದುರಾಳಿ ಜಟ್ಟಿ ಇವರನ್ನು ಕೆಡವಬೇಕಾಗುತ್ತದೆ.

ಅಳಿಯುವುದು ಮೆಲ್ಲನೆ ನಡೆಯುತ್ತದೆ. ಹಾಗಾಗಿ ಪ್ರಾಣಿಸಂಕುಲಗಳ ವಿಷಯದಲ್ಲಿ ‘ಅಳಿವಿನಂಚಿನಲ್ಲಿರುವ’ ಎಂಬ ಮಾತು ಚೆನ್ನಾಗಿ ಹೊಂದಿಕೊಂಡಿದೆ. ಆದರೆ ಭಾರತದಿಂದ ಚೀತಾ ಸುಮ್ಮನೆ ‘ಅಳಿದುಹೋಯಿತು’ ಎನ್ನುವಾಗ ಅದನ್ನು ಬೇಟೆಯಾಡಿದ ಕೈಗಳು ವಾಕ್ಯದಿಂದ ಜಾರಿಹೋಗುತ್ತವೆ. 1952ರಲ್ಲಿ ಸರ್ಕಾರ ಅದು ದೇಶದಲ್ಲಿ ಇಲ್ಲವೆಂದು ಘೋಷಿಸುವ ಹೊತ್ತಿಗೆ ಅದು ನಿರ್ನಾಮವಾಗಿತ್ತು ಎಂದರೆ ಮಾತಿಗೆ ತಕ್ಕ ತೂಕ ಬರುತ್ತದೆ.

ನಾಲ್ಕನೆಯದಾಗಿ, ಕಾಗದದ ಮೇಲೋ ಬೇರಿನಲ್ಲೋ?

ಕಚೇರಿಯ ಪದಗಳಿಗೆ ಕಾನೂನಿನ ಬಲವಿರುವುದರಿಂದ ಇಲ್ಲಿ ರುಚಿ ನೋಡಿ ಆರಿಸುವ ಸ್ವಾತಂತ್ರ್ಯ ಕಡಿಮೆ. ಆದೇಶ, ಪರವಾನಗಿ, ಟೆಂಡರ್, ಪ್ರಯಾಣ ಇವು ರದ್ದಾಗುತ್ತವೆ. ನೌಕರ ವಜಾ ಆಗುತ್ತಾನೆ, ಕೋರ್ಟಿನಲ್ಲಿ ಅರ್ಜಿಯೂ ವಜಾ ಆಗುತ್ತದೆ. ಅಮಾನತು ತಾತ್ಕಾಲಿಕ, ಅಮಾನತಾದವನನ್ನು ‘ಕೆಲಸದಿಂದ ತೆಗೆದರು’ ಎಂದು ಬರೆದರೆ ಅದು ತಪ್ಪು ಸುದ್ದಿ. ಪಕ್ಷದಿಂದ ಉಚ್ಚಾಟನೆ, ಜಿಲ್ಲೆಯಿಂದ ಗಡಿಪಾರು. 1989ರ ಏಪ್ರಿಲ್ 21ರಂದು ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು; ಈ ಎರಡು ಪದಗಳನ್ನು ಅದಲು ಬದಲು ಮಾಡಿದರೆ ವಾಕ್ಯ ಕುಂಟುತ್ತದೆ. ಸಭೆಯನ್ನೂ ಸಮಿತಿಯನ್ನೂ ಗಣಪತಿಯನ್ನೂ ವಿಸರ್ಜಿಸುತ್ತೇವೆ, ಸರ್ಕಾರವನ್ನಲ್ಲ. ‘ವಿಲೇವಾರಿ’ಯಂತೂ ಕಡತಕ್ಕೂ ಕಸಕ್ಕೂ ಒಂದೇ ಆಗಿದೆ, ಅದರಲ್ಲಿ ಕಚೇರಿಗಳಿಗೆ ಮುಜುಗರವಿದ್ದಂತೆ ಕಾಣುವುದಿಲ್ಲ.

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ರದ್ದತಿ ಮತ್ತು ನಿರ್ಮೂಲನೆಗಳ ನಡುವೆ. ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಯಿತು. ಆ ಒಂದು ದಿನದ ಕಾನೂನಿನಿಂದ ಅದು ನಿರ್ಮೂಲನೆಯಾಯಿತೆಂದು ಬರೆದರೆ, ಆಮೇಲೆಯೂ ಜೀತದಿಂದ ಬಿಡುಗಡೆಯಾದವರ ಬದುಕನ್ನೇ ಅಲ್ಲಗಳೆದಂತಾಗುತ್ತದೆ. ಮೂಲವೇ ಇಲ್ಲವಾದಾಗ ಮಾತ್ರ ನಿರ್ಮೂಲನೆ. ಸಿಡುಬಿಗೆ ಆ ಪದ ಸಲ್ಲುತ್ತದೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಅದರಿಂದ ಬಿಡುಗಡೆಯಾಯಿತೆಂದು ಘೋಷಿಸಿತು. ಪೋಲಿಯೊಗೆ ಸಲ್ಲುವುದಿಲ್ಲ; 2014ರಲ್ಲಿ ಭಾರತ ‘ಪೋಲಿಯೊ ಮುಕ್ತ’ ಎಂಬ ಪ್ರಮಾಣಪತ್ರ ಪಡೆಯಿತಾದರೂ ಬೇರೆ ದೇಶಗಳಲ್ಲಿ ಅದು ಉಳಿದಿತ್ತು, ಆದ್ದರಿಂದಲೇ ಹನಿ ಹಾಕುವುದು ನಿಲ್ಲಲಿಲ್ಲ. ತಲೆನೋವು, ಬಾಯಾರಿಕೆ, ಸಂಶಯಗಳಿಗೆ ಇಷ್ಟು ಭಾರದ ಪದ ಬೇಡ. ನೋವು ಶಮನವಾಗುತ್ತದೆ, ಬಾಯಾರಿಕೆ ನೀಗುತ್ತದೆ, ಸಂಶಯ ನಿವಾರಣೆಯಾಗುತ್ತದೆ.

ತೊಲಗಿಸುವುದರಲ್ಲಿ ತಿರಸ್ಕಾರವೂ ಸೇರಿದೆ. 1942ರ ಚಳವಳಿಗೆ ‘ಭಾರತ ಬಿಟ್ಟು ತೊಲಗಿ’ ಎಂಬ ಹೆಸರು ಕನ್ನಡದಲ್ಲಿ ನಿಂತದ್ದು ಆ ಕಾವಿನಿಂದಲೇ. ‘ಭಾರತದಿಂದ ನಿರ್ಗಮಿಸಿ’ ಎಂದಿದ್ದರೆ ಬಸ್ ನಿಲ್ದಾಣದ ಪ್ರಕಟಣೆಯಂತೆ ಕೇಳಿಸುತ್ತಿತ್ತು. ಹೀಗಾಗಿ ಗೌರವದಿಂದ ಬೀಳ್ಕೊಡುವ ಕಡೆ ಇದನ್ನು ಬಳಸುವಂತಿಲ್ಲ.

ಐದನೆಯದಾಗಿ, ಮಾತು ಕಟ್ಟಡದ್ದೋ ಸಂಸಾರದ್ದೋ ಎಂದು ನೋಡಿ

‘ಮನೆ’ ಎಂಬ ಒಂದೇ ಪದದ ಪಕ್ಕದಲ್ಲಿ ಕ್ರಿಯಾಪದಗಳನ್ನು ಇಟ್ಟು ನೋಡಿದರೆ ಈ ಹಂತ ಸ್ಪಷ್ಟವಾಗುತ್ತದೆ. ಮನೆ ಕೆಡವಿದರೆ ಕಟ್ಟಡ ಹೋಯಿತು. ಮನೆ ಒಡೆದರೆ ಅಣ್ಣತಮ್ಮಂದಿರು ಬೇರೆಯಾದರು, ಅಡುಗೆ ಒಲೆ ಎರಡಾದವು. ಮನೆ ಮುರಿದರೆ ಹೊರಗಿನವರು ಯಾರೋ ಕೈಹಾಕಿ ಸಂಸಾರ ಕೆಡಿಸಿದರು, ಅಂಥವರನ್ನು ಮನೆಮುರುಕರೆಂದು ಬಯ್ಯುತ್ತಾರೆ. ಮನೆ ಹಾಳುಮಾಡಿದವನು ಹೆಚ್ಚಾಗಿ ಮನೆಯ ಒಳಗಿನವನೇ, ಕುಡಿತಕ್ಕೋ ಜೂಜಿಗೋ ಹಾಕಿ ಕಳೆದವನು. ಕುಟುಂಬ ಕಲಹದ ವರದಿಯಲ್ಲಿ ‘ಮನೆ ಒಡೆದ ತಮ್ಮ’ ಎಂದರೆ ಪಾಲು ಕೇಳಿದವನೋ ಹಾರೆ ಹಿಡಿದವನೋ ಎಂಬ ಅನುಮಾನ ಬರುವುದರಿಂದ ಅಂಥಲ್ಲಿ ‘ಮನೆಯ ಗೋಡೆಯನ್ನು ಒಡೆದ’ ಎಂದು ಬಿಡಿಸಿ ಬರೆಯಬೇಕು. ಮದುವೆ ಮುರಿದುಬೀಳುತ್ತದೆ, ಮೌನವನ್ನೂ ದಾಖಲೆಯನ್ನೂ ಮುರಿಯುತ್ತೇವೆ, ಗುಟ್ಟನ್ನು ಮಾತ್ರ ಒಡೆಯುತ್ತೇವೆ. ಇವುಗಳಿಗೆ ಕಾರಣ ಹುಡುಕುತ್ತ ಕೂರುವುದಕ್ಕಿಂತ ರೂಢಿಯನ್ನು ಒಪ್ಪಿಕೊಳ್ಳುವುದೇ ಸರಿ.

ದೇವರ ಕೋಣೆಯಲ್ಲಿ ರೂಢಿ ಇನ್ನೂ ಬಿಗಿ. ಪೂಜೆ ಮುಗಿದ ಮೇಲೆ ಕಳಶವನ್ನು ‘ಕದಲಿಸಿ’ ಆಮೇಲೆ ಎತ್ತುತ್ತಾರೆ. ದೀಪವನ್ನು ‘ಆರಿಸು’ ಎನ್ನಲು ಹಿಂಜರಿದು ‘ಶಾಂತ ಮಾಡು’ ಎನ್ನುವ ಮನೆಗಳಿವೆ. ಹಬ್ಬದ ಲೇಖನ ಬರೆಯುವವರು ‘ಕಳಶವನ್ನು ತೆಗೆದುಹಾಕಿ’ ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ, ಆದರೆ ಓದುವ ಅಜ್ಜಿಗೆ ಎದೆ ಧಸಕ್ಕೆನ್ನುತ್ತದೆ.

ಮೊಬೈಲು, ಕಂಪ್ಯೂಟರುಗಳ ಪರದೆಯ ಮೇಲೆ

ತಂತ್ರಾಂಶಗಳನ್ನು ಕನ್ನಡಿಸುವವರಿಗೆ ಇಲ್ಲಿ ಒಂದು ನಿಜವಾದ ತೊಡಕಿದೆ. ಫೈಲನ್ನು ಡಿಲೀಟ್ ಮಾಡುವುದಕ್ಕೆ ‘ಅಳಿಸು’ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಹಲಗೆಯ ಮೇಲಿನ ಬರಹದಂತೆ ಗುರುತು ಹೋಗಿ ಜಾಗ ಉಳಿಯುತ್ತದೆ. ಗುಂಪಿನಿಂದ ಒಬ್ಬರನ್ನು ಅಳಿಸುವಂತಿಲ್ಲ, ಮನುಷ್ಯರನ್ನು ಗುಂಪಿನಿಂದ ತೆಗೆಯಬೇಕು. ತೊಡಕು ಬರುವುದು ಕ್ಯಾನ್ಸಲ್ ಗುಂಡಿಯಲ್ಲಿ. ‘ಈ ಬುಕಿಂಗನ್ನು ರದ್ದುಮಾಡಬೇಕೇ?’ ಎಂಬ ಪ್ರಶ್ನೆಯ ಕೆಳಗೆ ‘ರದ್ದುಮಾಡಿ’ ಎಂಬ ಗುಂಡಿ ಇದ್ದರೆ, ಅದನ್ನು ಒತ್ತಿದಾಗ ಟಿಕೆಟ್ ರದ್ದಾಗುತ್ತದೋ ಪ್ರಶ್ನೆ ರದ್ದಾಗುತ್ತದೋ ಎಂದು ಬಳಸುವವರಿಗೆ ತಿಳಿಯದು. ಗುಂಡಿಗಳ ಮೇಲೆ ‘ಟಿಕೆಟ್ ರದ್ದುಮಾಡಿ’, ‘ಬೇಡ, ಹಾಗೇ ಇರಲಿ’ ಎಂದು ಬರೆದರೆ ಜಾಗ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಹಣ ಹೋಗುವುದಿಲ್ಲ.

ಕೊನೆಗೆ, ವಾಕ್ಯವನ್ನು ತಿದ್ದಿ ನೋಡಿ

ಮೇಲಿನ ಹಂತಗಳನ್ನು ಒಂದು ವಾಕ್ಯದ ಮೇಲೆ ಪ್ರಯೋಗಿಸೋಣ. ‘ನಗರಸಭೆಯವರು ಕೆರೆಯಂಗಳದ ಅಕ್ರಮ ಶೆಡ್‌ಗಳನ್ನು ನಾಶಪಡಿಸಿ, ಗಿಡಗಂಟಿಗಳನ್ನು ನಾಶಮಾಡಿ, ಎರಡು ಅಂಗಡಿಗಳ ಪರವಾನಗಿಯನ್ನು ತೆಗೆದುಹಾಕಿ, ಕಸವನ್ನು ನಿರ್ಮೂಲನೆ ಮಾಡಿದರು’ ಎಂದು ಒಂದು ವರದಿ ಇದೆಯೆಂದು ಇಟ್ಟುಕೊಳ್ಳಿ. ಕಸ ನಿರ್ಮೂಲನೆಯಾಗುವ ವಸ್ತುವಲ್ಲ. ಲಾರಿಯಲ್ಲಿ ಬೇರೆಡೆಗೆ ಹೋಗಿರುತ್ತದೆ, ಆದ್ದರಿಂದ ‘ಸಾಗಿಸಿದರು’ ಎನ್ನಬೇಕು. ಪರವಾನಗಿ ರದ್ದಾಗಿದೆಯೋ ಅಮಾನತಾಗಿದೆಯೋ ಎಂಬುದನ್ನು ಆದೇಶದ ಪ್ರತಿ ನೋಡದೆ ಬರೆಯುವಂತಿಲ್ಲ. ಗಿಡಗಂಟಿಗಳನ್ನು ಸವರಿದ್ದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತವೆ, ಬುಡಸಮೇತ ಕಿತ್ತಿದ್ದರೆ ಇಲ್ಲ. ಇನ್ನು ಶೆಡ್‌ಗಳು: ತಗಡನ್ನೂ ಕಂಬಗಳನ್ನೂ ಮಾಲೀಕರೇ ಬಿಚ್ಚಿಕೊಂಡು ಹೋಗಲು ಬಿಟ್ಟಿದ್ದರೆ ‘ತೆರವುಗೊಳಿಸಿದರು’ ಎಂಬ ಮಾತು ಒಪ್ಪುತ್ತದೆ, ಜೆಸಿಬಿ ಹರಿಸಿ ತಗಡುಗಳನ್ನೆಲ್ಲ ಮುದ್ದೆ ಮಾಡಿದ್ದರೆ ‘ಕೆಡವಿದರು’ ಎಂದೇ ಬರೆಯಬೇಕು. ಇದು ನಿಘಂಟು ನೋಡಿ ತೀರ್ಮಾನಿಸುವ ವಿಷಯವಲ್ಲ, ಅಲ್ಲಿದ್ದವರನ್ನು ಕೇಳಿ ತಿಳಿಯಬೇಕಾದದ್ದು.